ಜಾಮೀನು ಸಿಕ್ಕ ಸಂಜೆ ಎಲ್ಲಿ ಮಲಗುವುದು?

ಬೆಂಗಳೂರಿನ ಪರಪ್ಪನ ಅಗ್ರಹಾರದ ಕೇಂದ್ರ ಕಾರಾಗೃಹದಿಂದ ಹೊರಬರುವವರಿಗೆ ವಸತಿ, ಔಷಧ, ಗುರುತಿನ ಚೀಟಿ, ವಕೀಲರ ಸಂಪರ್ಕ, ಕೂಲಿ ಕೆಲಸ ಇವೆಲ್ಲವನ್ನೂ ಹೊಂದಿಸಿಕೊಡುವ ಕೆಲಸದಲ್ಲಿ ನಾನು ಕೆಲವು ವರ್ಷಗಳಿಂದ ತೊಡಗಿದ್ದೇನೆ. ಈ ಕೆಲಸದ ಬಗ್ಗೆ ಕೇಳಿದವರ ಕಣ್ಣ ಮುಂದೆ ಸಾಮಾನ್ಯವಾಗಿ ಬರುವುದು ಹತ್ತಾರು ವರ್ಷ ಶಿಕ್ಷೆ ಅನುಭವಿಸಿ, ಸನ್ನಡತೆಯ ಆಧಾರದ ಮೇಲೆ ಬಿಡುಗಡೆಯಾಗುವ ಸಜಾಬಂದಿಯ ಚಿತ್ರ. ಆದರೆ ನಮ್ಮ ಜೈಲುಗಳಲ್ಲಿ ಇರುವವರು ಬಹುಪಾಲು ಅವರಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಟಿಸಿದ 2022ರ ಅಂಕಿಅಂಶದಂತೆ ದೇಶದ ಕಾರಾಗೃಹಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಇವರು ಹೊರಬರುವುದು ಜಾಮೀನಿನ ಮೇಲೆ, ಮತ್ತು ಯಾವ ದಿನ ಹೊರಬರುತ್ತೇವೆ ಎಂಬುದು ಅವರಿಗೇ ತಿಳಿದಿರುವುದಿಲ್ಲ. ಮಧ್ಯಾಹ್ನ ನ್ಯಾಯಾಲಯದಲ್ಲಿ ಬಾಂಡು ಬರೆಸಿ, ಬಿಡುಗಡೆಯ ಆದೇಶ ಜೈಲಿಗೆ ತಲುಪಿ, ದಾಖಲೆ ಪರಿಶೀಲನೆ ಮುಗಿದು ಗೇಟು ತೆರೆಯುವಷ್ಟರಲ್ಲಿ ಎಷ್ಟೋ ಬಾರಿ ಕತ್ತಲಾಗಿರುತ್ತದೆ.

ಬಿಡುಗಡೆಯ ನಂತರದ ಆರೈಕೆಯ ಬಗ್ಗೆ ನಮ್ಮಲ್ಲಿ ಚಿಂತನೆ ನಡೆದೇ ಇಲ್ಲ ಎನ್ನುವಂತಿಲ್ಲ. 1954ರಲ್ಲೇ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯು ಎಂ. ಎಸ್. ಗೋರೆ ಅವರ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಸಮಿತಿಯೊಂದನ್ನು ನೇಮಿಸಿತ್ತು. 1980ರಿಂದ 83ರವರೆಗೆ ಕೆಲಸ ಮಾಡಿದ ನ್ಯಾಯಮೂರ್ತಿ ಎ. ಎನ್. ಮುಲ್ಲಾ ಸಮಿತಿಯೂ, ಕೇಂದ್ರ ಗೃಹ ಸಚಿವಾಲಯದ 2016ರ ಮಾದರಿ ಕಾರಾಗೃಹ ಕೈಪಿಡಿಯೂ ಈ ವಿಷಯವನ್ನು ಗಂಭೀರವಾಗಿಯೇ ಪರಿಗಣಿಸಿವೆ. ಆದರೆ ಈ ಚಿಂತನೆಯ ಕೇಂದ್ರದಲ್ಲಿರುವುದು ಸಜಾಬಂದಿಯೇ. ಆತನ ಬಿಡುಗಡೆಯ ದಿನಾಂಕ ಬಹುತೇಕ ಮೊದಲೇ ಗೊತ್ತಿರುತ್ತದೆ; ಜೈಲಿನೊಳಗೆ ದುಡಿದ ಕೂಲಿ ಅಷ್ಟಿಷ್ಟು ಕೂಡಿರುತ್ತದೆ; ಪೆರೋಲ್ ಮೇಲೆ ಊರಿಗೆ ಹೋಗಿ ಬಂದಿದ್ದರೆ ಮನೆಯವರ ಸಂಬಂಧವೂ ಉಳಿದಿರುತ್ತದೆ. ಒಂಬತ್ತು ತಿಂಗಳು ಒಳಗಿದ್ದು ಒಂದು ಸಂಜೆ ಇದ್ದಕ್ಕಿದ್ದಂತೆ ಹೊರಬೀಳುವ ವಿಚಾರಣಾಧೀನನಿಗೆ ಈ ಮೂರೂ ಇಲ್ಲ. ಆರೈಕೆಯ ಅಗತ್ಯ ಹೆಚ್ಚಿರುವುದು ಯಾರಿಗೋ ಅವರನ್ನೇ ವ್ಯವಸ್ಥೆ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಗೇಟು ತೆರೆಸುವ ಪ್ರಯತ್ನಗಳು ಮಾತ್ರ ಇತ್ತೀಚಿನ ವರ್ಷಗಳಲ್ಲಿ ಗಟ್ಟಿಯಾಗಿವೆ. ಮೋತಿರಾಮ್ ಎಂಬ ಗಾರೆ ಕೆಲಸಗಾರನ ಪ್ರಕರಣದಲ್ಲಿ ಹೊರ ಜಿಲ್ಲೆಯ ಜಾಮೀನುದಾರರನ್ನು ಒಪ್ಪದೆ, ಹತ್ತು ಸಾವಿರ ರೂಪಾಯಿಯ ಜಾಮೀನು ಕೇಳಿದ್ದನ್ನು ಸುಪ್ರೀಂ ಕೋರ್ಟ್ 1978ರಲ್ಲೇ ಖಂಡಿಸಿತ್ತು. 2023ರ ಜನವರಿ 31ರ ಆದೇಶದಲ್ಲಿ ಅದೇ ನ್ಯಾಯಾಲಯ, ಜಾಮೀನು ಮಂಜೂರಾಗಿ ಏಳು ದಿನ ಕಳೆದರೂ ಬಿಡುಗಡೆಯಾಗದವರ ಮಾಹಿತಿಯನ್ನು ಜೈಲು ಅಧೀಕ್ಷಕರು ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕೆಂದು ಹೇಳಿತು. ಅದೇ ವರ್ಷ ಕೇಂದ್ರ ಸರ್ಕಾರ ತಂದ ಬಡ ಕೈದಿಗಳ ನೆರವಿನ ಯೋಜನೆಯಲ್ಲಿ ವಿಚಾರಣಾಧೀನರ ಜಾಮೀನಿಗೆ (ಆರಂಭದ ಮಾರ್ಗಸೂಚಿಯಂತೆ 40,000 ರೂಪಾಯಿವರೆಗೆ), ಸಜಾಬಂದಿಗಳ ದಂಡದ ಬಾಕಿಗೆ 25,000 ರೂಪಾಯಿವರೆಗೆ ಜಿಲ್ಲಾ ಮಟ್ಟದ ಸಮಿತಿಯೇ ಮಂಜೂರು ಮಾಡಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಂತೆ, ಹಿಂದೆ ಯಾವ ಅಪರಾಧಕ್ಕೂ ಶಿಕ್ಷೆಗೊಳಗಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹರಾಗುತ್ತಾರೆ. ಜೀವಾವಧಿ ಅಥವಾ ಮರಣದಂಡನೆಯ ಪ್ರಕರಣಗಳಿಗೆ, ಹಲವು ಪ್ರಕರಣಗಳಿರುವವರಿಗೆ ಇದು ಅನ್ವಯಿಸದು. ಇವೆಲ್ಲ ಸ್ವಾಗತಾರ್ಹ. ಆದರೆ ಇವೆಲ್ಲವೂ ಗೇಟಿನ ತನಕ ಬಂದು ನಿಲ್ಲುತ್ತವೆ.

ಗೇಟಿನಿಂದಾಚೆ ಏನಾಗುತ್ತದೆ ಎಂಬುದಕ್ಕೆ ಒಬ್ಬರ ಸಂಗತಿಯನ್ನು, ಗುರುತು ಸಿಗದಂತೆ, ಹೇಳುತ್ತೇನೆ. ಅವರು ಯಾದಗಿರಿ ಕಡೆಯವರು. ಬೆಂಗಳೂರಿನಲ್ಲಿ ಕಟ್ಟಡ ಕೆಲಸ ಮಾಡುತ್ತಾ, ಕೆಲಸದ ಜಾಗದಲ್ಲೇ ತಗಡಿನ ಶೆಡ್ಡಿನಲ್ಲಿ ಇದ್ದರು. ಕಳವಿನ ಆರೋಪದ ಮೇಲೆ ಒಳಗೆ ಹೋದರು. ಜಾಮೀನು ಸಿಕ್ಕಾಗ ಆ ಕಟ್ಟಡ ಮುಗಿದು, ಶೆಡ್ಡು ಬಿಚ್ಚಿ, ಮೇಸ್ತ್ರಿ ಬೇರೆ ಕಡೆ ಹೋಗಿಯಾಗಿತ್ತು. ಫೋನು ಮುದ್ದೆಮಾಲಾಗಿ, ಅಂದರೆ ಪ್ರಕರಣದಲ್ಲಿ ಜಪ್ತಿಯಾದ ವಸ್ತುವಾಗಿ, ನ್ಯಾಯಾಲಯದ ವಶದಲ್ಲಿತ್ತು. ಮನೆಯವರ ಸಂಖ್ಯೆಗಳೆಲ್ಲ ಅದರಲ್ಲೇ ಇದ್ದವು. ತೊಂಬತ್ತು ದಿನ ಬಳಕೆಯಾಗದ ಸಿಮ್ ರದ್ದಾಗುವುದರಿಂದ ಆಧಾರ್‌ಗೆ ಜೋಡಿಸಿದ್ದ ಸಂಖ್ಯೆಯೂ ಕೈತಪ್ಪಿತ್ತು. ಆಧಾರ್ ಕಾರ್ಡು ಶೆಡ್ಡಿನ ಸಾಮಾನಿನೊಂದಿಗೆ ಎಲ್ಲಿಗೋ ಹೋಗಿತ್ತು. ಓಟಿಪಿ ಬರುವ ಸಂಖ್ಯೆಯಿಲ್ಲದೆ ಅದರ ಪ್ರತಿಯನ್ನು ಸೈಬರ್ ಅಂಗಡಿಯಲ್ಲಿ ತೆಗೆಸುವಂತಿರಲಿಲ್ಲ. ಆಧಾರ್ ಇಲ್ಲದೆ ಹೊಸ ಸಿಮ್ ಕೊಡುವವರಿರಲಿಲ್ಲ.

ಇದರ ಮೇಲೆ ಜಾಮೀನಿನ ಷರತ್ತು. ಪ್ರತಿ ಭಾನುವಾರ ಠಾಣೆಗೆ ಬಂದು ಸಹಿ ಹಾಕಬೇಕು, ನ್ಯಾಯಾಲಯದ ಅನುಮತಿಯಿಲ್ಲದೆ ವ್ಯಾಪ್ತಿ ಬಿಟ್ಟು ಹೋಗಬಾರದು. ಅವರನ್ನು ಒಳಗೆ ಕರೆದುಕೊಳ್ಳಲು ಸಿದ್ಧವಿದ್ದ ಒಂದೇ ಮನೆ ಯಾದಗಿರಿಯ ಅಕ್ಕನ ಮನೆ. ಆದೇಶವನ್ನು ಪಾಲಿಸಬೇಕೆಂದರೆ ಬೆಂಗಳೂರಿನಲ್ಲಿ ಬೀದಿಯಲ್ಲಿರಬೇಕು. ಸೂರಿನಡಿ ಮಲಗಬೇಕೆಂದರೆ ಆದೇಶ ಮೀರಬೇಕು. ಇಂಥ ಸ್ಥಿತಿಯಲ್ಲಿ ಹಲವರು ಊರಿಗೇ ಹೋಗಿಬಿಡುತ್ತಾರೆ. ಮುಂದಿನ ವಾಯಿದೆ, ಅಂದರೆ ವಿಚಾರಣೆಯ ದಿನ, ಯಾವತ್ತು ಎಂದು ತಿಳಿಸಲು ವಕೀಲರ ಬಳಿ ಫೋನ್ ಸಂಖ್ಯೆ ಇರುವುದಿಲ್ಲ, ಸಮನ್ಸ್ ಹೋಗುವುದು ಬಿಚ್ಚಿಹಾಕಿದ ಶೆಡ್ಡಿನ ವಿಳಾಸಕ್ಕೆ. ಎರಡು ಮೂರು ವಾಯಿದೆ ತಪ್ಪಿದರೆ ಜಾಮೀನುರಹಿತ ವಾರಂಟ್ ಹೊರಡುತ್ತದೆ, ಮರಳಿ ಅದೇ ಜೈಲು. ಕಡತದಲ್ಲಿ ಇದು ತಲೆಮರೆಸಿಕೊಂಡ ಆರೋಪಿಯ ಕಥೆಯಾಗಿ ದಾಖಲಾಗುತ್ತದೆ. ಇಂಥ ಎಷ್ಟೋ ಪ್ರಕರಣಗಳಲ್ಲಿ ಅದರ ಮೂಲ ವಸತಿಯ ಸಮಸ್ಯೆ.

ಅವರ ವಿಷಯದಲ್ಲಿ ನಾವು ಮಾಡಿದ್ದು ದೊಡ್ಡ ಕೆಲಸವೇನಲ್ಲ, ಆದರೆ ಎಲ್ಲವೂ ಒಂದೇ ವಾರದಲ್ಲಿ, ಒಂದಕ್ಕೊಂದು ಹೊಂದಿಕೊಂಡು ಆಗಬೇಕಿತ್ತು. ಮೊದಲ ರಾತ್ರಿಗಳಿಗೆ ನಗರದ ನಿರಾಶ್ರಿತರ ತಂಗುದಾಣವೊಂದರಲ್ಲಿ ಹಾಸಿಗೆ ಕೇಳಿದೆವು. ಗುರುತಿನ ಚೀಟಿ ಇಲ್ಲವೆಂದು ಅಲ್ಲಿನ ಮೇಲ್ವಿಚಾರಕರು ಹಿಂಜರಿದಾಗ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಒಂದು ಪತ್ರ ಕೊಡಿಸಿದೆವು. ವಕೀಲರಿಂದ ಷರತ್ತು ಸಡಿಲಿಕೆಗೆ ಅರ್ಜಿ ಹಾಕಿಸಿ, ಸಹಿಯನ್ನು ಊರಿನ ಠಾಣೆಯಲ್ಲಿ ಹಾಕಲು ಅನುಮತಿ ಕೇಳಿದೆವು. ಅನುಮತಿ ಸಿಗುವವರೆಗೆ ಬೆಂಗಳೂರಿನಲ್ಲೇ ಕೂಲಿ ಕೆಲಸ. ಅಕ್ಕನಿಗೆ ವಾಯಿದೆಯ ದಿನಾಂಕ ಬರೆದು ಕೊಟ್ಟದ್ದಲ್ಲದೆ, ಪಕ್ಕದ ಮನೆಯವರ ಫೋನ್ ಸಂಖ್ಯೆಯನ್ನೂ ವಕೀಲರ ಕಡತದಲ್ಲಿ ನಮೂದಿಸಿದೆವು. ಇವುಗಳಲ್ಲಿ ಯಾವುದಾದರೂ ಒಂದು ತಡವಾಗಿದ್ದರೂ ಉಳಿದವು ವ್ಯರ್ಥವಾಗುತ್ತಿದ್ದವು.

ಸೇವೆಗಳ ಪಟ್ಟಿಯನ್ನು ಅಚ್ಚು ಹಾಕಿಸಿ ಕೈಗಿಡುವುದನ್ನೇ ಸಮನ್ವಯ ಎಂದು ಭಾವಿಸುವವರೊಂದಿಗೆ ನನಗಿರುವ ಭಿನ್ನಾಭಿಪ್ರಾಯ ಇಲ್ಲಿಯೇ. ಪ್ರತಿಯೊಂದು ಕಚೇರಿಯೂ ತನ್ನ ಪಾಲಿನ ಕೆಲಸ ಮಾಡುತ್ತದೆ: ಜೈಲು ಬಿಡುಗಡೆ ಮಾಡುತ್ತದೆ, ಪ್ರಾಧಿಕಾರ ವಕೀಲರನ್ನು ಕೊಡುತ್ತದೆ, ಆಸ್ಪತ್ರೆ ಮಾತ್ರೆ ಕೊಡುತ್ತದೆ, ತಂಗುದಾಣ ಹಾಸಿಗೆ ಕೊಡುತ್ತದೆ. ಒಂದರಿಂದ ಇನ್ನೊಂದಕ್ಕೆ ಮನುಷ್ಯನನ್ನು ದಾಟಿಸುವುದು ಮಾತ್ರ ಯಾರ ಹುದ್ದೆಯ ಕರ್ತವ್ಯವೂ ಆಗಿಲ್ಲ. ಮುಂಬೈಯಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಸಮಾಜ ಕಾರ್ಯಕರ್ತರನ್ನು ಜೈಲು ಮತ್ತು ನ್ಯಾಯಾಲಯಗಳ ನಡುವೆ ನಿಲ್ಲಿಸಿ ಈ ಕೆಲಸ ಮಾಡಿಸುತ್ತಾ ಬಂದಿದೆ. ಒಬ್ಬ ವ್ಯಕ್ತಿಗೆ ಒಬ್ಬ ಕಾರ್ಯಕರ್ತ, ಒಂದೇ ಕಡತ, ಕೊನೆಯವರೆಗೆ ಅದೇ ಮುಖ: ಇದು ಇಲ್ಲದ ಕಡೆ ಎಷ್ಟು ಯೋಜನೆಗಳಿದ್ದರೂ ಫಲ ಕಾಣುವುದು ಕಷ್ಟ.

ಈ ಕೆಲಸ ಬಿಡುಗಡೆಯ ದಿನ ಆರಂಭವಾಗಬಾರದು. ಒಳಗೆ ಬಂದ ಮೊದಲ ವಾರದಲ್ಲೇ ಆರಂಭವಾಗಬೇಕು. ಆಗ ಕೇಳುವ ಪ್ರಶ್ನೆಗಳು ಸರಳ. ಬಂಧನದ ಹಿಂದಿನ ರಾತ್ರಿ ಎಲ್ಲಿ ಮಲಗಿದ್ದಿರಿ? ಆ ಮನೆಗೆ ಬಾಡಿಗೆ ಯಾರು ಕಟ್ಟುತ್ತಾರೆ? ನೆನಪಿನಿಂದ ಹೇಳಬಲ್ಲ ಫೋನ್ ಸಂಖ್ಯೆ ಯಾವುದು? ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ? ಮಕ್ಕಳು ಯಾರ ಬಳಿ ಇದ್ದಾರೆ? ಬಾಡಿಗೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವೆಂದು ಅನುಭವದಿಂದ ಹೇಳುತ್ತೇನೆ. ಬೆಂಗಳೂರಿನಲ್ಲಿ ಒಂಟಿ ಕೋಣೆಯ ಬಾಡಿಗೆದಾರ ಜೈಲಿಗೆ ಹೋದರೆ, ಮಾಲೀಕರು ಬಾಕಿಯನ್ನು ಮುಂಗಡದಲ್ಲಿ ಮುರಿದುಕೊಳ್ಳುತ್ತಾ ಹೋಗಿ, ಅದು ಮುಗಿದಾಗ ಸಾಮಾನು ಹೊರಗಿಟ್ಟು ಬೇರೆಯವರಿಗೆ ಕೊಡುತ್ತಾರೆ. ಅವರನ್ನು ದೂರಲಾಗದು, ಅವರಿಗೂ ಆ ಬಾಡಿಗೆಯೇ ಆದಾಯ. ಆದರೆ ಮೊದಲ ತಿಂಗಳಲ್ಲೇ ಯಾರಾದರೂ ಹೋಗಿ ಮಾತನಾಡಿದರೆ, ಅರ್ಧ ಬಾಡಿಗೆಗೆ ತಮ್ಮನನ್ನೋ ಊರಿನವರನ್ನೋ ಅಲ್ಲಿ ಇರಿಸಲು ಒಪ್ಪುವ ಮಾಲೀಕರಿದ್ದಾರೆ. ಜೈಲಿನಿಂದ ಬಂದವರೆಂದು ತಿಳಿದ ಮೇಲೆ ಹೊಸ ಮನೆ ಹುಡುಕುವ ಕಷ್ಟಕ್ಕೆ ಹೋಲಿಸಿದರೆ ಇದ್ದ ಮನೆಯನ್ನು ಉಳಿಸಿಕೊಳ್ಳುವುದು ಅಗ್ಗ, ಸುಲಭ, ಗೌರವದ ದಾರಿ. ವಸತಿಗೆಂದು ಹಣ ಕೊಡುವ ದಾನಿಗಳಿಗೆ ಇದನ್ನು ಮನಗಾಣಿಸುವುದೇ ನನಗೆ ಕಷ್ಟವಾಗಿದೆ. ಕಟ್ಟಡಕ್ಕೆ ಹಣ ಬರುವಷ್ಟು ಬೇಗ ಮೂರು ತಿಂಗಳ ಬಾಡಿಗೆಗೆ ಬರುವುದಿಲ್ಲ.

ದಾಖಲೆಗಳ ತೊಡಕೂ ಒಳಗಿರುವಾಗಲೇ ಬಿಡಿಸಬಹುದಾದದ್ದು. ಕೈದಿ ಜೈಲು ಪ್ರವೇಶಿಸಿದಾಗ ಸಿದ್ಧವಾಗುವ ದಾಖಲೆಯನ್ನು, ಜೈಲು ಅಧಿಕಾರಿಯ ಸಹಿ ಮೊಹರಿದ್ದರೆ, ಆಧಾರ್ ನೋಂದಣಿಗೆ ಮತ್ತು ತಿದ್ದುಪಡಿಗೆ ಪುರಾವೆಯಾಗಿ ಒಪ್ಪಿಕೊಳ್ಳಲು ಆಧಾರ್ ಪ್ರಾಧಿಕಾರ ಅವಕಾಶ ಕೊಟ್ಟಿದೆ. ಇದನ್ನು ಬಳಸಿಕೊಂಡರೆ ಹೊರಬಂದ ಮೇಲಿನ ಅಲೆದಾಟ ಬಹುಮಟ್ಟಿಗೆ ತಪ್ಪುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಎಲ್ಲವೂ ಇನ್ನಷ್ಟು ಬಿಗಿ. ಗಂಡಸು ಜೈಲಿಗೆ ಹೋದರೆ ಹೆಂಡತಿಯೋ ತಾಯಿಯೋ ಜೈಲಿನ ಬಾಗಿಲಲ್ಲಿ ಸರದಿ ನಿಲ್ಲುತ್ತಾರೆ. ಹೆಂಗಸು ಹೋದರೆ ಭೇಟಿಗೆ ಬರುವವರೇ ವಿರಳ, ಬಿಡುಗಡೆಯಾದ ಮೇಲೆ ಅತ್ತೆ ಮನೆ ತವರು ಎರಡೂ ಬಾಗಿಲು ಮುಚ್ಚಿರುವುದನ್ನು ಕಂಡಿದ್ದೇನೆ. ಜೈಲಿನಿಂದ ಬಂದ, ಕುಟುಂಬದ ಆಸರೆಯಿಲ್ಲದ ಮಹಿಳೆಯರನ್ನು ಆಶ್ರಯ ಕೊಡುವ ಕೇಂದ್ರದ ಸ್ವಾಧಾರ ಗೃಹ ಯೋಜನೆ ಹೆಸರಿಸಿಯೇ ಫಲಾನುಭವಿಗಳೆಂದು ಪರಿಗಣಿಸಿತ್ತು. ಈಗ ಅದು ಮಿಷನ್ ಶಕ್ತಿಯಡಿ ಶಕ್ತಿ ಸದನವಾಗಿದೆ. ಆರು ವರ್ಷದವರೆಗಿನ ಮಗು ತಾಯಿಯೊಂದಿಗೆ ಜೈಲಿನಲ್ಲಿರಬಹುದು. ದೊಡ್ಡ ಮಕ್ಕಳಿಗೆ ಬಂಧುಗಳಿಲ್ಲದಿದ್ದರೆ ಅವರು ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಬಾಲಮಂದಿರ ಸೇರುತ್ತಾರೆ. ತಾಯಿ ಹೊರಬಂದು ಮಗುವನ್ನು ಕೇಳಿದಾಗ ಸಮಿತಿ ಸಹಜವಾಗಿಯೇ ಎಲ್ಲಿ ಇರಿಸುತ್ತೀರಿ ಎಂದು ಕೇಳುತ್ತದೆ. ಅವಳ ಬಳಿ ವಿಳಾಸವಿಲ್ಲ. ರಾಜ್ಯದ ಶಕ್ತಿ ಯೋಜನೆಯಲ್ಲಿ ಬಸ್ಸಿನ ಉಚಿತ ಟಿಕೆಟ್ ಪಡೆಯಲು ಸಹ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಬೇಕು. ಬಾಲಮಂದಿರಕ್ಕೆ ಮಗುವನ್ನು ನೋಡಲು ಹೋಗುವ ಬಸ್ಸಿನಲ್ಲೂ ಅವಳು ದುಡ್ಡು ಕೊಟ್ಟೇ ಹೋಗಬೇಕಾದದ್ದನ್ನು ನೋಡಿ ನನಗೆ ತುಂಬಾ ನೋವಾಗಿದೆ.

ಮಾನಸಿಕ ಅಸ್ವಸ್ಥರಿಗೆ ಮೊದಲ ಹದಿನೈದು ದಿನ ಅತ್ಯಂತ ಅಪಾಯದ ಕಾಲ. ಒಳಗೆ ದಿನವೂ ಮಾತ್ರೆ ಕೈಗೆ ಬರುತ್ತಿತ್ತು; ಹೊರಗೆ ಬಂದ ಮೇಲೆ ಚೀಟಿಯೇ ಇರುವುದಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಶಿಬಿರಗಳಲ್ಲಿ ಔಷಧ ಸಿಗುತ್ತದೆ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಕರೆ ಮಾಡಬಹುದು. ಆದರೆ ಜೈಲು ವೈದ್ಯರ ಟಿಪ್ಪಣಿಯ ಪ್ರತಿ ಜೊತೆಗಿದ್ದರೆ ಮಾತ್ರ ಅಲ್ಲಿನ ವೈದ್ಯರು ಅದೇ ಚಿಕಿತ್ಸೆಯನ್ನು ಮುಂದುವರಿಸಲು ಸಾಧ್ಯ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ ಸಮುದಾಯದೊಳಗೆ ಬದುಕುವ ಹಕ್ಕನ್ನೂ ಅದಕ್ಕೆ ಬೇಕಾದ, ಆಸ್ಪತ್ರೆಗೂ ಮನೆಗೂ ನಡುವಿನ ಮಧ್ಯಂತರ ವಸತಿಯನ್ನೂ ಹೇಳುತ್ತದೆ. ಅಂಥ ವಸತಿ ಕೈಗೆಟುಕದೆ ಬಸ್ ನಿಲ್ದಾಣದಲ್ಲಿ ಕುಳಿತವರು, 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಒಯ್ಯಲ್ಪಡುವ ಸಂಭವವೂ ಇದೆ. ಒಂದು ಗೋಡೆಯೊಳಗಿಂದ ಇನ್ನೊಂದಕ್ಕೆ.

ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಮಲಗಲು ಜಾಗ, ಸ್ನಾನಕ್ಕೆ ನೀರು, ಒಂದು ಫೋನು ಇದ್ದರೆ ಕೂಲಿಯನ್ನು ಬಹುತೇಕರು ತಾವೇ ಹುಡುಕಿಕೊಳ್ಳುತ್ತಾರೆ.

ಹೊಸ ಇಲಾಖೆಯನ್ನು ತೆರೆಯಿರಿ ಎಂದು ನಾನು ಕೇಳುತ್ತಿಲ್ಲ. ಬಡ ಕೈದಿಗಳ ಯೋಜನೆಯ ಜಿಲ್ಲಾ ಸಮಿತಿಯಲ್ಲಿ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿ, ಜೈಲು ಅಧೀಕ್ಷಕರು, ಜೈಲಿನ ಉಸ್ತುವಾರಿಯ ನ್ಯಾಯಾಧೀಶರು ಈಗಾಗಲೇ ಒಂದೇ ಮೇಜಿನ ಸುತ್ತ ಕೂರುತ್ತಾರೆ. ಕೈದಿಯ ಆರ್ಥಿಕ ಸ್ಥಿತಿಯನ್ನು ವಿಚಾರಿಸಲು ಸಮಾಜ ಕಾರ್ಯಕರ್ತರ, ಪರಿವೀಕ್ಷಣಾಧಿಕಾರಿಗಳ (ಪ್ರೊಬೇಷನ್ ಅಧಿಕಾರಿಗಳ) ನೆರವು ಪಡೆಯಲೂ ಮಾರ್ಗಸೂಚಿಯಲ್ಲಿ ಅವಕಾಶವಿದೆ. ಹೇಗೂ ಒಬ್ಬರು ಹೋಗಿ ವಿಚಾರಿಸುತ್ತಾರಾದ್ದರಿಂದ, ಅವರ ವರದಿಯಲ್ಲಿ ಇನ್ನು ಮೂರು ಸಾಲು ಸೇರಲಿ: ಬಿಡುಗಡೆಯಾದ ರಾತ್ರಿ ಈ ವ್ಯಕ್ತಿ ಎಲ್ಲಿ ಮಲಗುತ್ತಾರೆ, ಮುಂದಿನ ವಾಯಿದೆಯನ್ನು ಯಾರ ಮೂಲಕ ತಿಳಿಸಬೇಕು, ಮೊದಲ ತಿಂಗಳು ಇವರ ಹೊಣೆ ಹೊತ್ತ ಕಾರ್ಯಕರ್ತರ ಹೆಸರೇನು. ಮೊದಲ ಸಾಲು ಖಾಲಿಯಿದ್ದರೆ, ಜಾಮೀನಿನ ಹಣ ಮಂಜೂರು ಮಾಡುವ ಅದೇ ಸಭೆ ತಂಗುದಾಣದಲ್ಲಿ ಒಂದು ಹಾಸಿಗೆಯನ್ನೂ ಕಾಯ್ದಿರಿಸಲಿ. ಆದರೆ ಹಾಸಿಗೆ ಸಿಗುವವರೆಗೆ ಬಿಡುಗಡೆಯನ್ನು ತಡೆಯಲು ಆ ಖಾಲಿ ಸಾಲು ನೆಪವಾಗಬಾರದು. ಇದನ್ನು, ಈ ಬೇಡಿಕೆಗಳಿರುವ ನಮ್ಮ ಮನವಿಪತ್ರದಲ್ಲಿ ಪ್ರತ್ಯೇಕವಾಗಿ, ಮೊದಲ ಪುಟದಲ್ಲೇ ಬರೆದಿದ್ದೇವೆ.