ಜರ್ಮನಿಯ ಊರು ಸಿಕ್ಕಿದ್ದು ಅಯೋವಾದಲ್ಲಿ

ನನ್ನ ಗಂಡನ ಮುತ್ತಜ್ಜ ಜರ್ಮನಿಯಿಂದ ಅಮೆರಿಕದ ಅಯೋವಾ ರಾಜ್ಯಕ್ಕೆ ಬಂದ ರೈತ. ಅವರ ಜಾಡು ಹುಡುಕುತ್ತಿದ್ದೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಒಂದೇ: ‘ಅಲ್ಲಿ ಯಾವೂರು ಅಂತ ಹೇಗೆ ಗೊತ್ತಾಯ್ತು? ಜರ್ಮನಿಗೆ ಹೋಗಿದ್ರಾ?’

ಇಲ್ಲ. ಊರಿನ ಹೆಸರು ಸಿಕ್ಕಿದ್ದು ನಮ್ಮ ಮನೆಯಿಂದ ಇಪ್ಪತ್ತು ನಿಮಿಷ ದೂರದ ಒಂದು ಚರ್ಚಿನ ಕಪಾಟಿನಲ್ಲಿ.

ನಾನೂ ಮೊದಲು ಹಡಗಿನ ಪಟ್ಟಿ ಹಿಡಿದು ಮೂರು ತಿಂಗಳು ಹಾಳು ಮಾಡಿಕೊಂಡೆ. ಹ್ಯಾಂಬರ್ಗ್ ಬಂದರಿನಿಂದ ಹೊರಟವರ ಪಟ್ಟಿಗಳು 1850ರಿಂದ ಉಳಿದಿವೆ, ಅದರಲ್ಲಿ ಊರೂ ಇರುತ್ತದೆ. ಬ್ರೆಮೆನ್‌ನಿಂದ ಹೊರಟವರದ್ದಾದರೆ, ಆ ಕಾಲದ ಪಟ್ಟಿಗಳನ್ನು ಇಡಲು ಜಾಗ ಇಲ್ಲ ಅಂತ ಅಲ್ಲಿಯವರೇ ನಾಶ ಮಾಡಿಬಿಟ್ಟರು. ನಮ್ಮ ಮುತ್ತಜ್ಜ ಹಡಗು ಹತ್ತಿದ್ದು ಬ್ರೆಮೆನ್‌ನಲ್ಲೇ! ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್‌ನಲ್ಲಿ ಅವರ ಹೆಸರು ಬದಲಾಯಿಸಿದರು ಅಂತ ಮನೆಯಲ್ಲಿ ಒಂದು ಕತೆ ಬೇರೆ. ಅವರು ಬಂದಿದ್ದು 1869ರಲ್ಲಿ, ಆ ಜಾಗ ಶುರುವಾಗಿದ್ದೇ 1892ಕ್ಕೆ.

ಆಮೇಲೆ ಜನಗಣತಿ. ಹುಟ್ಟಿದ ಜಾಗ 1870ರಲ್ಲಿ ಹ್ಯಾನೋವರ್, 1880ರಲ್ಲಿ ಪ್ರಷ್ಯಾ, 1900ರಲ್ಲಿ ಜರ್ಮನಿ. ಮೂರು ಬೇರೆ ಬೇರೆ ಜನ ಅಂದುಕೊಂಡಿದ್ದೆ. ಒಬ್ಬರೇ. ಹ್ಯಾನೋವರ್ ರಾಜ್ಯವನ್ನು 1866ರಲ್ಲಿ ಪ್ರಷ್ಯಾ ನುಂಗಿತು, 1871ರಲ್ಲಿ ಎಲ್ಲ ಸೇರಿ ಜರ್ಮನಿ ಆಯಿತು, ಗಣತಿಯವನು ಕೇಳಿದಾಗ ಬಾಯಿಗೆ ಬಂದ ಹೆಸರು ಹೇಳಿದ್ದಾರೆ ಅಷ್ಟೇ. 1890ರ ಗಣತಿ ಮಾತ್ರ ಹುಡುಕಬೇಡಿ. 1921ರ ಬೆಂಕಿಯಲ್ಲಿ ಹಾಳಾಗಿ, ಈಗ ಹೆಚ್ಚುಕಡಿಮೆ ಏನೂ ಉಳಿದಿಲ್ಲ.

1900ರ ಹಾಳೆಯಲ್ಲಿ ಹೆಂಗಸರಿಗೆ ಎರಡು ಕಾಲಂ ಇವೆ. ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಅಂತ. ಮುತ್ತಜ್ಜಿಯ ಸಾಲಿನಲ್ಲಿ 9, ಪಕ್ಕದಲ್ಲಿ 5. ಉಳಿದ ನಾಲ್ವರ ವಿಷಯ ನಮ್ಮತ್ತೆಗೂ ಗೊತ್ತಿರಲಿಲ್ಲ. ನಾನು ಚರ್ಚಿಗೆ ಹೋಗಿದ್ದು ಆ ಮಕ್ಕಳನ್ನು ಹುಡುಕಿಕೊಂಡು, ಊರಿಗಾಗಿ ಅಲ್ಲ.

ಲೂಥರನ್ ಚರ್ಚಿನ ಹಳೇ ರಿಜಿಸ್ಟರು, ಪೂರ್ತಿ ಜರ್ಮನ್, ಅದೂ ಕುರೆಂಟ್ ಅನ್ನುವ ಹಳೇ ಕೂಡುಬರಹದಲ್ಲಿ. ನಮ್ಮ ಧಾರವಾಡದ ಮನೆಯ ಟ್ರಂಕಿನಲ್ಲಿದ್ದ ಮೋಡಿ ಕಾಗದಗಳೇ ನೆನಪಾದವು. ‘ಇ’ ನೋಡಿದರೆ ‘ಎನ್’ ಥರ ಕಾಣುತ್ತದೆ, ‘ಯು’ ತಲೆಯ ಮೇಲೆ ಸಣ್ಣ ಕೊಕ್ಕೆ. ಒಂದು ಪುಟ ಬಿಡಿಸಲು ಒಂದು ಮಧ್ಯಾಹ್ನ ಬೇಕಾಯಿತು. ನಾಲ್ಕೂ ಮಕ್ಕಳು ಸಿಕ್ಕರು. ವಯಸ್ಸನ್ನು ದಿನದವರೆಗೆ ಲೆಕ್ಕ ಹಾಕಿ ಬರೆದಿದ್ದಾರೆ: 1 ವರ್ಷ, 3 ತಿಂಗಳು, 11 ದಿನ. ಪುಟ ತಿರುಗಿಸುತ್ತಾ ಹೋದರೆ 1911ರಲ್ಲಿ ಮುತ್ತಜ್ಜನ ಸಾವು, ಅದರ ಜೊತೆಗೇ ಹುಟ್ಟಿದ ಹಳ್ಳಿ: ಓಸ್ಟ್‌ಫ್ರೀಸ್‌ಲ್ಯಾಂಡ್ ಸೀಮೆ, ಔರಿಖ್ ಹತ್ತಿರ.

ಸುಮ್ನೆ ಹೇಳುತ್ತೇನೆ, ನಮ್ಮ ಕಿಟೆಲ್ ಅವರೂ 1832ರಲ್ಲಿ ಹುಟ್ಟಿದ್ದು ಅದೇ ಸೀಮೆಯ ರೆಸ್ಟರ್‌ಹಾಫೆಯಲ್ಲಿ. ಅವರು ಮಿಷನರಿಯಾಗಿ ಬಂದು ಕನ್ನಡದ ನಿಘಂಟು ಮಾಡಿದರು, ಇವರು ಇಲ್ಲಿಗೆ ಬಂದು ಮೆಕ್ಕೆಜೋಳ ಬೆಳೆದರು. ಅತ್ತೆಗೆ ಹೇಳಿದೆ. ‘ಹಾಗಾದರೆ ನೀನೇ ನಮ್ಮೂರಿನವಳು’ ಅಂದರು.

ಈ ಸೀಮೆಯವರನ್ನು ಹುಡುಕುವವರು ಗಮನಿಸಿ, ಅಲ್ಲಿ ಆಗ ಅಪ್ಪನ ಹೆಸರೇ ಮಗನ ಅಡ್ಡಹೆಸರಾಗುತ್ತಿತ್ತು. ಅಪ್ಪ ಯಾನ್ ಆದರೆ ಮಗ ಯಾನ್ಸೆನ್. ಸ್ಥಿರವಾದ ಅಡ್ಡಹೆಸರು ಇರಲೇಬೇಕು ಅಂತ 1811ರಲ್ಲಿ ನೆಪೋಲಿಯನ್ ಹುಕುಂ ಬಂದರೂ ಜನ ಬೇಗ ಬಿಡಲಿಲ್ಲ.

ಮುತ್ತಜ್ಜಿ ತೀರಿಕೊಂಡಿದ್ದು 1919ರಲ್ಲಿ. ಅದಕ್ಕೂ ಒಂದು ವರ್ಷ ಮೊದಲು, ಜರ್ಮನಿಯ ಜೊತೆ ಯುದ್ಧ ನಡೆಯುತ್ತಿದ್ದ 1918ರ ಮೇನಲ್ಲಿ, ಅಯೋವಾದ ಗವರ್ನರ್ ಹಾರ್ಡಿಂಗ್ ಶಾಲೆ, ಚರ್ಚು, ಕೊನೆಗೆ ಫೋನಿನಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡಬಾರದು ಅಂತ ಆಜ್ಞೆ ಹೊರಡಿಸಿದ್ದರು. ರಿಜಿಸ್ಟರಿನಲ್ಲೂ ಅಲ್ಲಿಂದ ಮುಂದೆ ಇಂಗ್ಲಿಷೇ, ಮಾತೂ ಕಡಿಮೆ. ಅವರ ಬಗ್ಗೆ ಎರಡೇ ಸಾಲು, ಹುಟ್ಟಿದ್ದು ಬರೀ ‘ಜರ್ಮನಿ’. ಸಮಾಧಿ ಕಲ್ಲಿನ ಮೇಲೆ ‘ಗೆಬ್.’ (ಜರ್ಮನ್‌ನಲ್ಲಿ ‘ಹುಟ್ಟು ಹೆಸರು’ ಅನ್ನುವುದರ ಗುರುತು) ಅಂತ ಇದ್ದು, ಮುಂದೆ ತವರಿನ ಅಡ್ಡಹೆಸರು ಇದೆ. ಸದ್ಯಕ್ಕೆ ಅದೊಂದೇ ಇಟ್ಟುಕೊಂಡು ಪಕ್ಕದ ಊರಿನ ಚರ್ಚುಗಳಿಗೆ ಫೋನ್ ಮಾಡುತ್ತಿದ್ದೇನೆ.