ಆರಿದ ಫಾಗ್ ಲ್ಯಾಂಪ್

ಚಾರ್ಮಾಡಿ ಘಾಟಿಯ ಮಂಜಿಗೆಂದು ಜೀಪಿಗೆ ಹಾಕಿಸಿದ್ದ ಎರಡೂ ಫಾಗ್ ಲ್ಯಾಂಪ್‌ಗಳು ಒಟ್ಟಿಗೇ ಆರಿಹೋದವು. ಎರಡು ಬಲ್ಬುಗಳು ಒಂದೇ ಗಳಿಗೆಯಲ್ಲಿ ಸುಡುವುದು ಅಪರೂಪವಾದ್ದರಿಂದ, ದೋಷವು ಎರಡಕ್ಕೂ ಸಮಾನವಾದ ವೈರಿಂಗಿನಲ್ಲೇ ಇರಬೇಕಿತ್ತು. 55 ವ್ಯಾಟಿನ ಎರಡು ಹ್ಯಾಲೊಜೆನ್ ದೀಪಗಳು 12 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತವೆ; ಅದಕ್ಕೆಂದೇ ಪ್ರತ್ಯೇಕ ಫ್ಯೂಸು, ಮತ್ತು ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪಗಳ ದೊಡ್ಡ ಕರೆಂಟನ್ನು ಹರಿಯಬಿಡುವ ರಿಲೇ. ಫ್ಯೂಸು ಸರಿಯಿತ್ತು, ಸ್ವಿಚ್ ಒತ್ತಿದಾಗ ರಿಲೇ ಟಿಕ್ ಎನ್ನುತ್ತಿತ್ತು, ದೀಪಗಳತ್ತ ಕರೆಂಟು ಹೊರಡುವ ಅದರ 87ನೆಯ ಟರ್ಮಿನಲ್‌ನಲ್ಲಿ ಟೆಸ್ಟ್ ಲ್ಯಾಂಪೂ ಉರಿಯಿತು. ವಿದ್ಯುತ್ತು ಬರುವ ದಾರಿಯನ್ನು ಇಷ್ಟು ಶ್ರದ್ಧೆಯಿಂದ ಹುಡುಕುವ ನಾವು ಅದು ಮರಳುವ ದಾರಿಯನ್ನು ಯಾಕೋ ಕೊನೆಗೇ ನೆನೆಯುತ್ತೇವೆ. ಬಂಪರಿನ ಹಿಂದೆ ಎರಡೂ ದೀಪಗಳಿಂದ ಕರೆಂಟು ಮರಳುವ ಅರ್ಥಿಂಗ್ ವೈರು ಜೀಪಿನ ಮೈಗೆ ಸೇರುವ ಬೋಲ್ಟು ಪೂರ್ತಿ ತುಕ್ಕು ಹಿಡಿದಿತ್ತು. ಲೋಹ ಹೊಳೆಯುವವರೆಗೆ ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಬಿಗಿದು, ಮೇಲೆ ಗ್ರೀಸ್ ಸವರಿದ ಮೇಲೆ ಎರಡೂ ಹೊತ್ತಿಕೊಂಡವು. ಹೊಸ ಜೋಡಿಯನ್ನೇ ಕೊಳ್ಳಿರೆಂದಿದ್ದ ಅಂಗಡಿಯವರಿಗೆ ಇದು ಅಷ್ಟಾಗಿ ರುಚಿಸಲಿಕ್ಕಿಲ್ಲ.