ಪತ್ತೇದಾರನಿಲ್ಲದ ದ್ವೀಪ

ಕೊಲೆ ರಹಸ್ಯದ ಕಥೆಗಳನ್ನು ಕನ್ನಡದಲ್ಲಿ ನಾವು ಪತ್ತೇದಾರಿ ಕಾದಂಬರಿಗಳೆಂದೇ ಕರೆಯುತ್ತ ಬಂದಿದ್ದೇವೆ. ಹಾಗಿರುವಾಗ ಪತ್ತೇದಾರನೇ ಇಲ್ಲದ ಕಾದಂಬರಿಯನ್ನು ಏನೆಂದು ಕರೆಯಬೇಕೋ ನನಗೆ ತೋಚುವುದಿಲ್ಲ. ಅಗಾಥಾ ಕ್ರಿಸ್ಟಿಯವರ 1939ರ ಕೃತಿ, ಇಂದು ‘ಆ್ಯಂಡ್ ದೆನ್ ದೇರ್ ವರ್ ನನ್’ ಎಂದು ಹೆಸರಾಗಿರುವುದನ್ನು, ಕಳೆದ ವಾರ ಮೂರನೆಯ ಬಾರಿ ಓದಿ ಮುಗಿಸಿದೆ. ಕೊಲೆಗಾರ ಯಾರೆಂದು ಮೊದಲೇ ಗೊತ್ತಿದ್ದರೂ ಎದೆಬಡಿತ ತಗ್ಗಲಿಲ್ಲ. ಕ್ರಿಸ್ಟಿಯವರದೇ ಪತ್ತೇದಾರ ಪೊವಾರೋ ಇರುವ ಕಾದಂಬರಿಗಳನ್ನು ಮತ್ತೆ ಓದುವಾಗ ನನಗೆ ಹೀಗಾಗುವುದಿಲ್ಲ.

ಇಂಗ್ಲೆಂಡಿನ ಡೆವನ್ ಕರಾವಳಿಯಾಚೆಯ ದ್ವೀಪವೊಂದರ ಮನೆಯಲ್ಲಿ ಎಂಟು ಮಂದಿ ಅತಿಥಿಗಳು ಮತ್ತು ಸೇವಕ ದಂಪತಿ ಸೇರಿದ್ದಾರೆ. ಕರೆಸಿಕೊಂಡವರ ಸುಳಿವೇ ಇಲ್ಲ. ಊಟ ಮುಗಿದು, ಗಡಿಯಾರ ಒಂಬತ್ತು ಇಪ್ಪತ್ತು ತೋರಿಸುವಾಗ, ಪಕ್ಕದ ಕೋಣೆಯ ಗೋಡೆಗೆ ಆನಿಸಿಟ್ಟ ಗ್ರಾಮಫೋನಿನಿಂದ ಒಂದು ಧ್ವನಿ ಹೊರಟು, ಹತ್ತೂ ಜನರನ್ನು ಹೆಸರು ಹಿಡಿದು ಕರೆದು, ಕಾನೂನಿನ ಕೈಗೆ ಸಿಗದೆ ಉಳಿದ ಸಾವುಗಳ ಹೊಣೆಯನ್ನು ಒಬ್ಬೊಬ್ಬರ ಮೇಲೂ ಹೊರಿಸುತ್ತದೆ. ಅಲ್ಲಿಂದಾಚೆಗೆ ಅವರು ಒಬ್ಬೊಬ್ಬರಾಗಿ ಕೊಲೆಯಾಗತೊಡಗುತ್ತಾರೆ.

ಪತ್ತೇದಾರನಿರುವ ಕಥೆಯಲ್ಲಿ ಆತ ಕೊನೆಗೆ ಒಬ್ಬನತ್ತ ಬೆರಳು ತೋರಿಸಿದೊಡನೆ ಉಳಿದವರೆಲ್ಲರೂ ನಿರಪರಾಧಿಗಳಾಗಿಬಿಡುತ್ತಾರೆ, ಅವರ ಜೊತೆಗೆ ಓದುಗನೂ ನಿಟ್ಟುಸಿರು ಬಿಡುತ್ತಾನೆ. ಈ ದ್ವೀಪದಲ್ಲಿ ಆ ಬಿಡುಗಡೆಯನ್ನು ಕೊಡಬಲ್ಲವರು ಯಾರೂ ಇಲ್ಲ. ಮಾಜಿ ಪೊಲೀಸ್ ಅಧಿಕಾರಿ ಬ್ಲೋರ್ ಇದ್ದಾನೆ ನಿಜ, ಆದರೆ ಸುಳ್ಳು ಸಾಕ್ಷಿ ಹೇಳಿ ಒಬ್ಬನನ್ನು ಜೈಲಿಗೆ ಕಳಿಸಿದವನೆಂಬ ಆರೋಪ ಅವನ ಮೇಲೆಯೇ ಇದೆ. ಯಾರ ಕಣ್ಣಿನಿಂದ ಕಥೆಯನ್ನು ನೋಡುತ್ತೇವೆಯೋ ಆತನನ್ನೂ ನಂಬಲಾಗದ ಈ ಸ್ಥಿತಿಯೇ ಕಾದಂಬರಿಯ ನಿಜವಾದ ಸೆಳೆತವೆಂದು ನನಗನ್ನಿಸುತ್ತದೆ.

ಐವರು ಮಾತ್ರ ಉಳಿದಾಗ ಬರುವ ಒಂದು ಸಣ್ಣ ಪ್ರಸಂಗವನ್ನು ನಾನು ನಿಧಾನವಾಗಿ, ಎರಡೆರಡು ಸಲ ಓದುತ್ತೇನೆ. ಅಪಾಯಕಾರಿ ಔಷಧಿಗಳನ್ನು ಒಂದು ಪೆಟ್ಟಿಗೆಗೆ ಹಾಕಿ ಬೀಗ ಜಡಿದು, ಅದನ್ನು ಬೀರುವಿನಲ್ಲಿಟ್ಟು ಅದಕ್ಕೂ ಬೀಗ ಹಾಕಿ, ಎರಡು ಕೀಲಿಗಳನ್ನು ಲೊಂಬಾರ್ಡ್ ಮತ್ತು ಬ್ಲೋರ್ ಎಂಬ ಇಬ್ಬರು ಬಲಶಾಲಿಗಳಿಗೆ ಒಂದೊಂದಾಗಿ ಹಂಚಲಾಗುತ್ತದೆ. ಒಬ್ಬನಿಂದ ಕೀಲಿ ಕಸಿಯುವುದು ಇನ್ನೊಬ್ಬನಿಗೆ ಸುಲಭವಲ್ಲ, ಬೀಗ ಒಡೆದರೆ ಸದ್ದು ಎಲ್ಲರಿಗೂ ಕೇಳಿಸುತ್ತದೆ ಎಂಬುದು ಲೆಕ್ಕಾಚಾರ. ವಿಶ್ವಾಸವಿರಬೇಕಾದ ಜಾಗದಲ್ಲಿ ಎರಡು ಕೀಲಿಗಳನ್ನು ಇಟ್ಟು ಬದುಕಬೇಕಾದ ಮನುಷ್ಯರ ದೈನ್ಯವನ್ನು ಕ್ರಿಸ್ಟಿ ಒಂದು ವಿಶೇಷಣದ ನೆರವೂ ಇಲ್ಲದೆ ಕಾಣಿಸಿಬಿಡುತ್ತಾರೆ. ಆಮೇಲೆ ಅವರು ಅಡುಗೆಮನೆಯಲ್ಲಿ ಡಬ್ಬಿಯ ಮಾಂಸವನ್ನು ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡೇ ತಿನ್ನುತ್ತಾರೆ.

ಎಲ್ಲವೂ ಮುಗಿದ ಬಳಿಕ ಲಂಡನ್ನಿನ ಪೊಲೀಸ್ ಪಡೆ ಸ್ಕಾಟ್ಲೆಂಡ್ ಯಾರ್ಡ್ ಬರುತ್ತದೆ. ಸತ್ತವರ ದಿನಚರಿಯ ಬರಹಗಳನ್ನು ಹೊಂದಿಸಿ ನೋಡಿಯೂ ಅಧಿಕಾರಿಗಳು ಸೋಲುತ್ತಾರೆ. ಉತ್ತರ ಸಿಗುವುದು ಮೀನುಗಾರಿಕಾ ಹಡಗೊಂದಕ್ಕೆ ಸಿಕ್ಕ ಬಾಟಲಿಯೊಳಗೆ, ಕೊಲೆಗಾರನ ಸ್ವಂತ ಬರಹದಲ್ಲಿ. ಬಾಟಲಿ ಯಾರಿಗೂ ಸಿಗದೆ ಹೋಗಬಹುದೆಂದು ತಿಳಿದೇ ಆತ ಅದನ್ನು ಸಮುದ್ರಕ್ಕೆ ಎಸೆದಿದ್ದ.